ಉಪ್ಪು ತಾಗಬಾರದ ಗಿಡ

"ಹೋಯ್, ಬುಟ್ಟಿ ಇಲ್ಲಿ ಇಳಸು ಸ್ವಲ್ಪ!"

ಹಬ್ಬುವಾಡದ ಓಣಿಯಲ್ಲಿ ಮೀನು ಕೂಗುತ್ತ ಹೋಗುತ್ತಿದ್ದ ದೇವಿ ತಿರುಗಿದಳು. ಬೇಲಿಯಾಚೆ ನಿಂತವನು ಸೋಮು. ಮುಂಬಯಿಯಲ್ಲಿ ಯಾರೋ ಸಾಹೇಬರ ತೋಟದ ಮಾಲಿಯಾಗಿದ್ದು, ಆ ವರ್ಷ ಮಳೆ ನಿಂತ ಮೇಲೆ ಊರಿಗೆ ಬಂದವನು.

"ಬಂಗಡೆ ಬೇಕಾ, ತಾರ್ಲೆ ಬೇಕಾ?"

"ಎರಡೂ ಬ್ಯಾಡ. ನೊಣ ಬೇಕಿತ್ತು."

ದೇವಿಗೆ ಮೈಯೆಲ್ಲ ಉರಿದುಹೋಯಿತು. "ಎಂತಾ? ನನ್ನ ಮೀನು ಕೊಳೆತದೆ ಅಂತೀರಾ? ಬೆಳಿಗ್ಗೆ ಅಪ್ಪನ ಬಲೆಗೆ ಬಿದ್ದ ಮೀನು ಇದು! ಕಿವಿರು ಬಿಡಿಸಿ ನೋಡಿ, ಕಣ್ಣಿದ್ರೆ!"

"ಅಯ್ಯೋ ಮಾರಾಯ್ತಿ, ಹಾಂಗಲ್ಲ. ಒಂದು ಗಳಿಗೆ ಬಾ ಇಲ್ಲಿ."

ಹಿತ್ತಿಲಲ್ಲಿ ತೆಂಗಿನ ಗರಿಯ ಪುಟ್ಟ ಚಪ್ಪರ. ಅದರಡಿ ಸೀಮೆಎಣ್ಣೆ ಡಬ್ಬಿಯಲ್ಲಿ ಒಂದು ಗಿಡ. ಎಲೆಯ ತುದಿ ದಾರದಂತೆ ಇಳಿದು, ಅಲ್ಲೊಂದು ಮುಚ್ಚಳದ ಪುಟ್ಟ ಹೂಜಿ ತೂಗುತ್ತಿತ್ತು. ಬುಟ್ಟಿಯ ಹಿಂದೆಯೇ ಬಂದ ನೊಣವೊಂದು ಹೂಜಿಯ ಅಂಚಿಗೆ ಕೂತಿತು, ಜಾರಿತು, ಮತ್ತೆ ಮೇಲೆ ಬರಲೇ ಇಲ್ಲ.

"ಅಬ್ಬಬ್ಬಾ! ನುಂಗ್ತಲ್ಲ! ಮೀನೂ ತಿಂತದ್ಯಾ?"

"ತಿನ್ನೂದಿಲ್ಲ. ನಿನ್ನ ಬುಟ್ಟಿ ದಿನಾ ಇಲ್ಲಿ ಇಳದ್ರೆ ಸಾಕು."

ಗಿಡವನ್ನೇ ನೋಡುತ್ತ ಅವನು ಹೇಳಿದ. ಕಿವಿ ಮಾತ್ರ ಕೆಂಪಗಾಗಿತ್ತು. ದೇವಿ ಅದನ್ನು ಕಂಡಳು, ಕಂಡೂ ಕಾಣದವಳಂತೆ ಸೆರಗು ಸರಿಪಡಿಸಿಕೊಂಡಳು.

ಗಿಡದ ಕಥೆ ಓಣಿಗೆಲ್ಲ ಗೊತ್ತಿತ್ತು. ಅಸ್ಸಾಮಿನ ಗುಡ್ಡದಿಂದ ಬಂದದ್ದು. ಸಾಹೇಬರು ಮುಂಬಯಿಯ ಬಂಗಲೆ ಬಿಟ್ಟು ಪುಣೆಗೆ ಹೋಗುವಾಗ ಸೋಮುವಿನ ಕೈಗಿಟ್ಟು, "ಹೊಸ ಗಾಜಿನ ಮನೆ ಕಟ್ಟಿಸುತ್ತೇನೆ. ಇದನ್ನು ಬದುಕಿಸಿ ತಂದರೆ ಅದರ ಹೊಣೆ ನಿನ್ನದೇ" ಅಂದಿದ್ದರು. ಗಿಡ ಬದುಕಿದರೆ ಸೋಮು ಪುಣೆಗೆ ಹೋಗುತ್ತಾನೆ. ದೇವಿಗೆ ಮೊದಲ ವಾರವೇ ಇದು ಗೊತ್ತಾಯಿತು. ಆದರೂ ದಿನಾ ಬುಟ್ಟಿ ಅಲ್ಲೇ ಇಳಿಯಿತು.

ಚಳಿಗಾಲದ ಮೂಡಗಾಳಿಗೆ ಹೂಜಿಗಳು ಮುರುಟಿದವು. ಸೋಮು ಸುತ್ತಲೂ ಒದ್ದೆ ಗೋಣಿ ಕಟ್ಟಿದ. ತಂಪೇನೋ ಆಯಿತು, ಬೆಳಕು ಹೋಯಿತು. ಗಾಜು ಎಲ್ಲಿಂದ ತರುವುದು ಎಂದು ಅವನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ದೇವಿ ಬುಟ್ಟಿಯ ತುಂಬ ತೆಳ್ಳನೆಯ ಚಪ್ಪಟೆ ಚಿಪ್ಪು ತಂದು ಸುರಿದಳು.

"ಹೊಳೆಯಾಚೆ ಹಳೇ ಮನೆಗಳ ಕಿಟಕಿಗೆ ಇದನ್ನೇ ಕೂಡಸೂದು. ಬೆಳಕು ಬರ್ತದೆ, ಬಿಸಿಲು ಚುಚ್ಚೂದಿಲ್ಲ. ಮರದ ಪಟ್ಟಿ ನೀವು ಮಾಡಿ, ಚಿಪ್ಪು ನಾ ತರ್ತೆ."

ಗೋಡೆ ದಿನಕ್ಕಿಷ್ಟು ಎದ್ದಿತು. ಮರದ ಪಟ್ಟಿಗಳ ನಡುವೆ ಒಳಗಿನಿಂದ ಅವನು ಅಂಟು ಹಚ್ಚಿ ಚಿಪ್ಪು ಕೂಡಿಸುತ್ತಿದ್ದ, ಹೊರಗಿನಿಂದ ಇವಳು ಒತ್ತಿ ಹಿಡಿಯುತ್ತಿದ್ದಳು. ಹಾಲುಬಣ್ಣದ ಬೆಳಕಿನಲ್ಲಿ ಅವನ ಬೆರಳಿನ ನೆರಳು ಇವಳ ಬೆರಳಿನ ಮೇಲೆಯೇ ಬಂದು ನಿಲ್ಲುತ್ತಿತ್ತು.

"ಬಿಡ್ಲಾ?" ಅನ್ನುತ್ತಿದ್ದಳು ಅವಳು.

"ಬಿಡಬ್ಯಾಡ. ಇನ್ನೂ ಗಟ್ಟಿ ಆಗ್ಲಿಲ್ಲ."

ಗಟ್ಟಿಯಾಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಆಮೇಲೆ ನೆಲಕ್ಕೆ ಮರಳು ಬಂತು, ಅದರ ಮೇಲೆ ನೀರಿನ ಪರಾತ. ಕಡಲಗಾಳಿಗೆ ಅಡ್ಡವಾಗಿ ಪಡುವಣ ಕಡೆಗೊಂದು ಬಾಗಿಲು ಬಂತು. ಅಂಕೋಲೆಯ ಗುಡ್ಡದಿಂದ ಅವನು ಎಲೆತುಂಬ ಅಂಟುಹನಿ ಹೊತ್ತ ಕೆಂಪು ಗಿಡಗಳನ್ನು ಮಣ್ಣಿನ ಸಮೇತ ತಂದ. ಅವೂ ಹುಳ ಹಿಡಿಯುವ ಜಾತಿಯವೇ.

ಸೋಮುವಿನ ಅವ್ವಿ ಅಡುಗೆಮನೆಯ ಬಾಗಿಲಿಂದ ಎಲ್ಲ ನೋಡುತ್ತಿದ್ದಳು. ಗದ್ದೆಯವರ ಮನೆಗೆ ಕಡಲಿನವರ ಹುಡುಗಿ ಹಿತ್ತಿಲವರೆಗೆ ಬರಬಹುದು, ಹೊಸ್ತಿಲು ದಾಟುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬೇಸಿಗೆಯಲ್ಲಿ ಬೇಲೆಕೇರಿಯ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋಮು ಹೊರಟ. "ಹಂಡೆಯಲ್ಲಿ ಮಳೆನೀರು ಉಂಟು, ಅದನ್ನೇ ಹಾಕು" ಎಂದು ದೇವಿಗೆ ಒಪ್ಪಿಸಿದ. ಗಿಡದ ಮುಖ ಬಾಡಿತ್ತು. ಹೊಳೆಯಾಚೆ ದೇವಿಯ ಊರಾದ ಚಿತ್ತಾಕುಲದಲ್ಲಿ ಬಡವಾದ ತೆಂಗಿಗೆ ಏನು ಮಾಡುತ್ತಾರೋ ಇವಳೂ ಅದನ್ನೇ ಮಾಡಿದಳು. ಉಪ್ಪುಮೀನಿನ ತಲೆಗಳನ್ನು ತಂದು ಬುಡದಲ್ಲಿ ಹೂತಳು.

ಸೋಮು ಬಂದಾಗ ಎಲೆಗಳೆಲ್ಲ ಕಪ್ಪು.

"ಬುಡಕ್ಕೆ ಎಂತಾ ಹಾಕ್ದೆ?"

"ಗೊಬ್ಬರ... ನಮ್ಮ ತೆಂಗಿಗೆ ಹಾಕೂದೇ. ಉಪ್ಪುಮೀನು." ಬಗ್ಗಿ ಮಣ್ಣಿನಿಂದ ಒಂದು ಮೀನಿನ ತಲೆ ಎತ್ತಿ ತೋರಿಸಿದಳು. "ಸೊರಗಿತ್ತು, ಅದ್ಕೇ."

ಅವನು ಬೈಯಲಿಲ್ಲ. ಗಿಡವನ್ನು ಕಿತ್ತು ಕೊಳೆತ ಬೇರನ್ನು ನೋಡಿದ. "ಬೇರಿಗೆ ಉಪ್ಪೂ ಆಗೂದಿಲ್ಲ, ಗೊಬ್ಬರವೂ ಆಗೂದಿಲ್ಲ ಇದ್ಕೆ. ನಾನೇ ಹೇಳಬೇಕಿತ್ತು" ಅಂದ. ಬೇಲಿಯ ಪಕ್ಕಕ್ಕೆ ಎಸೆದು, "ಪುಣೆ ಮುಗೀತು" ಎಂದು ಒಳಗೆ ಹೋದ.

ಹೊಳೆ ದಾಟುವ ದೋಣಿಯಲ್ಲಿ ಕೂತಾಗ ದೇವಿಯ ಎದೆಯೊಳಗೆ ಏನೋ ಹಗುರಾಯಿತು. ಪುಣೆ ಮುಗಿಯಿತು, ಅವನು ಇಲ್ಲೇ ಇರುತ್ತಾನೆ. ಮರುಗಳಿಗೆಯೇ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ಗೊತ್ತಿಲ್ಲದೆ ಮಾಡಿದ್ದು ಹೌದು. ಹಾಗಾದರೆ ಈ ಖುಷಿ ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಬೇಲಿಯ ಪಕ್ಕ ಹುಡುಕಿದಳು. ಕಪ್ಪು ಕಾಂಡದ ತುದಿಯಲ್ಲಿ ಒಂದು ಚಿಗುರು ಇನ್ನೂ ಹಸಿರಾಗಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮಳೆ ಹಿಡಿಯಿತು. ಹೊಳೆ ತುಂಬಿ ದೋಣಿ ನಿಂತಿತು, ಮೀನು ಮಾರಾಟವೂ ನಿಂತಿತು. ಚಿತ್ತಾಕುಲದ ಮನೆಯ ಜಗಲಿಯಲ್ಲಿ ಉಳಿದ ಚಿಪ್ಪುಗಳಿಂದ ಅವಳು ಒಂದು ಗೂಡು ಮಾಡಿದಳು. ಒಳಗೆ ತೆಂಗಿನ ನಾರು, ನಾರಿನಲ್ಲಿ ಆ ಚಿಗುರು.

"ಉಪ್ಪಿನ ಕೈಯಲ್ಲಿ ಯಾರೂ ಮುಟ್ಟೂಕಿಲ್ಲ!" ಎಂದು ಮನೆಗೆಲ್ಲ ತಾಕೀತು ಮಾಡಿದಳು.

"ಕಡಲಿನವರ ಮನೇಲಿ ಉಪ್ಪಿಲ್ಲದ ಕೈ ಎಲ್ಲಿಂದ ತರೂದೆ?" ಎಂದು ಅಪ್ಪ ಹೀರಾ ಗೊಣಗಿದ. ಗೊಣಗುತ್ತಲೇ ಬಲೆಯನ್ನು ಬೇರೆ ಕಡೆ ತೂಗುಹಾಕಿದ. ಜಗಲಿ ಹತ್ತುವ ಮೊದಲು ಸೂರಿನ ನೀರಿಗೆ ಕೈಯೊಡ್ಡುವುದು ಅವನಿಗೆ ರೂಢಿಯಾಯಿತು.

ಮಳೆ ಬಿಟ್ಟು ದೋಣಿ ಶುರುವಾದ ದಿನ ದೇವಿ ಮೀನಿಲ್ಲದ ಬುಟ್ಟಿ ಹೊತ್ತು ಹಬ್ಬುವಾಡಕ್ಕೆ ಬಂದಳು. ಸೋಮು ಚಿಪ್ಪಿನ ಮನೆಯೊಳಗೆ ಕೆಂಪು ಗಿಡಗಳ ಮುಂದೆ ಕೂತಿದ್ದ. ಅವಳು ಬುಟ್ಟಿ ಇಳಿಸಿದಳು. ನಾರಿನ ನಡುವೆ ಎಳೆಯ ಗಿಡ. ತುದಿಯಲ್ಲಿ ಹೆಬ್ಬೆರಳಷ್ಟು ಹೂಜಿ, ಈಗಷ್ಟೇ ಮುಚ್ಚಳ ತೆರೆದಿತ್ತು.

ಸೋಮು ಒಂದು ಬೆರಳಿಂದ ಆ ಮುಚ್ಚಳ ಮುಟ್ಟಿ ನೋಡಿದ.

"ತಕ್ಕೊಳ್ಳಿ. ಪುಣೆಗೆ ಹೋಗಿ."

"ದೇವಿ, ನೀ ಬೇಕಂತಲೇ ಮಾಡಿದ್ಯೇನೋ ಅಂತ ಒಂದು ಸಲ ಅಂದ್ಕಂಡಿದ್ದೆ ನಾನು."

"ನಾನೂ ಅಂದ್ಕಂಡಿದ್ದೆ." ಅವಳು ತಲೆ ಎತ್ತಲಿಲ್ಲ. "ನೀವು ಹೋಗೂದಿಲ್ಲ ಅಂತ ಖುಷಿ ಆಗಿತ್ತು ನಂಗೆ. ಅಂಥಾ ಖುಷಿ ಬ್ಯಾಡ. ಹೋಗಿ ಅಂತ ಹೇಳೂಕೇ ಇದನ್ನ ಉಳಿಸ್ದೆ."

"ನಾ ಪುಣೆಗೆ ಹೋಗಬೇಕು ಅಂದದ್ದು ಎಂತಕ್ಕೆ ಅಂತ ಒಂದಿನವಾದ್ರೂ ಕೇಳಿದ್ಯಾ?"

ಅವಳು ನೋಡಿದಳು. ಅವನ ಕಣ್ಣು ತುಂಬಿತ್ತು.

"ಈ ಮನೆಯ ಹೊಸ್ತಿಲು ನೀ ದಾಟೂಕಾಗೂದಿಲ್ಲ. ಅಲ್ಲಿ ಮಾಲಿಗೆ ಇರೂಕೆ ಒಂದು ಖೋಲಿ ಕೊಡ್ತ್ರು. ಅದರ ಹೊಸ್ತಿಲಲ್ಲಿ ನಿನ್ನ ತಡೆಯೂರು ಯಾರೂ ಇಲ್ಲ. ಚಿಪ್ಪು ಕೂಡಸೂಕೆ ಶುರು ಮಾಡ್ದಾಗಿಂದ ಇದೇ ಲೆಕ್ಕ ನಂದು. ನೀ ಇಲ್ಲದ ಪುಣೆ ನಂಗೆ ಬ್ಯಾಡ."

"ಮೊದ್ಲೇ ಹೇಳೂಕೇನಾಗಿತ್ತು ನಿಂಗೆ?" ಎಂದಳು ದೇವಿ. ಅತ್ತಳು, ಬೈದಳು, ಮತ್ತೆ ಅತ್ತಳು. ಅವನು ಅವಳ ಒದ್ದೆ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಸಲ ನಡುವೆ ಚಿಪ್ಪು ಇರಲಿಲ್ಲ.

ಸದಾಶಿವಗಡದ ಗುಡಿಯಲ್ಲಿ ಅವರು ಹಾರ ಹಾಕಿಕೊಂಡರು. ಅವ್ವಿ ಬರಲಿಲ್ಲ. ಹೀರಾ ಬಂದ, ಕಂಬಕ್ಕೊರಗಿ ನಿಂತ, ಒಂದು ಮಾತೂ ಆಡದೆ ಹೋದ. ಸುದ್ದಿ ಕೇಳಿದಂದಿನಿಂದ ಅವನು ಮಗಳ ಜೊತೆ ಮಾತು ಬಿಟ್ಟಿದ್ದ.

ಮುಂಬಯಿಗೆ ಹೋಗುವ ಸ್ಟೀಮರ್ ಕಾರವಾರದ ಬಂದರಿನಾಚೆ ಲಂಗರು ಹಾಕಿತ್ತು. ಅಲ್ಲಿಯವರೆಗೆ ದೋಣಿಯಲ್ಲೇ ಹೋಗಬೇಕು. ಇಬ್ಬರೂ ದಂಡೆಗೆ ಬಂದಾಗ ಹೀರಾ ತನ್ನ ದೋಣಿಯನ್ನು ನೀರಿಗೆ ಇಳಿಸಿ ನಿಂತಿದ್ದ. "ಹತ್ತಿ" ಅಂದ, ಅಷ್ಟೇ.

ದೇವಿ ಗಿಡವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹೀರಾ ಮುಖ ತಿರುಗಿಸಿಕೊಂಡೇ ಹುಟ್ಟು ಹಾಕುತ್ತಿದ್ದ. ದಂಡೆ ಬಿಟ್ಟು ಸ್ವಲ್ಪ ದೂರ ಹೋದಮೇಲೆ ಗಾಳಿ ಎದ್ದು, ಅಲೆ ದೋಣಿಯ ಮೂತಿಗೆ ಬಡಿದು ನೀರು ಸಿಡಿಯಿತು.

ಹೀರಾ ಹುಟ್ಟು ನಿಲ್ಲಿಸಿದ. ತಲೆಗೆ ಸುತ್ತಿದ ವಸ್ತ್ರ ಬಿಚ್ಚಿದ. ಅದು ಅಂದು ಬೆಳಿಗ್ಗೆ ಸಿಹಿನೀರಲ್ಲಿ ಒಗೆದು ಒಣಗಿಸಿದ ವಸ್ತ್ರವಾಗಿತ್ತು. ಮಗಳ ಮಡಿಲಿನ ಗಿಡಕ್ಕೆ ಅದನ್ನು ಮೆಲ್ಲಗೆ ಹೊದಿಸಿ, ಸುತ್ತಲೂ ಸಿಕ್ಕಿಸಿದ.

"ಗಟ್ಟಿ ಹಿಡ್ಕ, ಮಗಾ" ಎಂದ. "ಉಪ್ಪು ತಾಗೂಕಿಲ್ಲ."