ಉಪ್ಪಿದ್ದೂ ದಾಹವಿಲ್ಲ

ಜಾಕ್ಸನ್ ನಗರದ ಡಯಾಲಿಸಿಸ್ ಕೇಂದ್ರದಲ್ಲಿ ಸೋಮವಾರ ಬೆಳಗ್ಗೆ, ಸೂಜಿ ಚುಚ್ಚುವ ಮೊದಲೇ ಡಾರ್ಸಿ ಟಿಲ್ಮನ್‌ನ ಎದೆಬಡಿತ ನಿಂತಿತು. ದಾದಿಯರು ಎದೆ ಒತ್ತಿ, ಶಾಕ್ ಕೊಟ್ಟು ಹೇಗೋ ಉಳಿಸಿಕೊಂಡರು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿತ್ತು. ತಮ್ಮ ಹೋರೇಸನ ಕಿಡ್ನಿ ಅವನಿಗೆ ಬರಬೇಕಿದ್ದ ಆಪರೇಷನ್ ಮೂರನೆಯ ಸಲ ಮುಂದೆ ಹೋಯಿತು.

"ಕದ್ದು ಬಾಳೆಹಣ್ಣು ತಿಂದಿರ್ತಾನೆ," ಎಂದರು ಡಾಕ್ಟರು.

ಪಕ್ಕದ ಕುರ್ಚಿಯಲ್ಲಿ ತೋಳಿಗೆ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದ ಕ್ಲಿಯೋಥಾ ಗ್ರಿಮ್ಸ್‌ಲಿ ಹುಬ್ಬೇರಿಸಿದಳು. ಕೊಲೆ ಪ್ರಕರಣಗಳಲ್ಲೇ ತಲೆ ಹಣ್ಣಾದ ನಿವೃತ್ತ ಪೊಲೀಸಿನವಳು ಅವಳು. ಕಾಯಿಲೆ ಅವಳ ಕಾಲಿನ ಕಸುವು ಕಿತ್ತುಕೊಂಡಿತ್ತು, ಕಣ್ಣಿನ ಚುರುಕನ್ನಲ್ಲ. ಅದು ಅವಳನ್ನು ಡಯಾಲಿಸಿಸ್ ದಿನಗಳಲ್ಲಿ ಕಾರಿನಲ್ಲಿ ಕರೆತರುತ್ತಿದ್ದ ಸೋದರಸೊಸೆ ಆರ್ಡಿಸ್‌ಗೆ ಗೊತ್ತಿತ್ತು.

"ಅತ್ತೆ, ನಂಗೆ ಅವನ ಹೆಂಡ್ತಿ ವೆಲ್ಮಾ ಮೇಲೇ ಅನುಮಾನ," ಎಂದಳು ಆರ್ಡಿಸ್, ಮನೆಗೆ ಹೋಗುವಾಗ.

"ವೆಲ್ಮಾ ಬೆಳಗ್ಗೆ ಶಾಲೆ ಬಸ್ ಓಡಿಸ್ತಾಳೆ. ತಿಂಡಿ ಮಾಡೋನು ಅವರ ಜೊತೆಗೇ ಇರೋ ಹೋರೇಸ್. ಶುಕ್ರವಾರ ಡಾರ್ಸಿ ಏನಂದ, ಹೇಳು?"

"'ತಮ್ಮ ಮಾಡೋ ಜೋಳದ ಗಂಜಿ ಗ್ರಿಟ್ಸ್‌ಗೆ ಉಪ್ಪು ಹದವಾಗಿರುತ್ತೆ, ಸತ್ತ ನಾಲಿಗೆಗೆ ಜೀವ ಬಂತು' ಅಂದ."

"ತೂಕ?"

"ಏರಿರಲೇ ಇಲ್ಲ. ಜಾಸ್ತಿ ನೀರು ಕುಡೀದೆ ಇದ್ದದ್ದಕ್ಕೆ ದಾದಿ ಹೊಗಳಿದಳು."

"ಹೂಂ. ನಾಳೆ ಅವರ ಮನೆಗೆ ಬಿಡು ನನ್ನ."

ಗುರುವಾರ ಆಸ್ಪತ್ರೆಯ ಕೋಣೆಯಲ್ಲಿ ಡಾರ್ಸಿಯ ಮಂಚದ ಸುತ್ತ ವೆಲ್ಮಾ, ಹೋರೇಸ್, ಡಾಕ್ಟರು ಎಲ್ಲರೂ ಸೇರಿದ್ದರು. ಕ್ಲಿಯೋಥಾ ಊರುಗೋಲಿನ ಮೇಲೆ ಕೈಯಿಟ್ಟು ಕೂತಳು.

"ಉಪ್ಪು ತಿಂದೋನಿಗೆ ದಾಹ ಆಗ್ಬೇಕು. ನೀರು ಕುಡೀಬೇಕು, ನಮ್ಮಂಥೋರ ಮೈ ಊದ್ಕೋಬೇಕು. ಇವನಿಗೆ ಅದ್ಯಾವುದೂ ಆಗ್ಲಿಲ್ಲ. ಅಂದ್ರೆ ಬಾಯಿಗೆ ಹತ್ತಿದ್ದು ಉಪ್ಪಲ್ಲ, ಬಿಪಿ ಇರೋರಿಗೆ ಮಾರೋ ಬದಲಿ ಪುಡಿ. ಅದು ಪೊಟ್ಯಾಸಿಯಮ್ಮೇ. ಕಿಡ್ನಿ ಕೆಟ್ಟೋನಿಗೆ ವಿಷ. ಮನೆಯ ಉಪ್ಪಿನ ಡಬ್ಬಿಯಿಂದ ಚಿಟಿಕೆ ತಗೊಂಡು ನಾಲಿಗೆ ಮೇಲಿಟ್ಟೆ. ಕಹಿ."

"ಆ ಡಬ್ಬಿ ನಾನು ಮುಟ್ಟೋದೇ ಇಲ್ಲ! ನನ್ನ ಅಡುಗೇಲಿ ಉಪ್ಪೇ ಇರಲ್ಲ," ಎಂದಳು ವೆಲ್ಮಾ.

"ಗೊತ್ತಮ್ಮ. ಆಪರೇಷನ್‌ಗೆ ದಿನ ಗೊತ್ತಾದಾಗಲೆಲ್ಲ ಇವನ ರಕ್ತ ಕೆಟ್ಟಿತು. ದಿನ ಮುಂದೆ ಹೋದ್ರೆ ಯಾರಿಗೆ ನೆಮ್ಮದಿ? ನಿನಗಲ್ಲ. ಕಿಡ್ನಿ ಕೊಡೋನಿಗೆ. ಈ ಪುಡಿ ಅಣ್ಣನಿಗೆ ಕೂಡದು ಅಂತ ಆಸ್ಪತ್ರೆಯವರು ಅವನ ಮುಂದೇನೇ ಹೇಳಿದ್ರು."

ಹೋರೇಸ್ ಕಿಟಕಿಯ ಬಳಿ ಗೋಡೆಗೆ ಒರಗಿದ.

"ಸಾಯಿಸ್ಬೇಕು ಅಂತಲ್ಲ... ರಿಪೋರ್ಟ್ ಕೆಟ್ಟು ಒಂದಿಷ್ಟು ದಿನ ಮುಂದೆ ಹೋಗ್ಲಿ ಅಂತ. ಚರ್ಚಲ್ಲಿ ಪಾದ್ರಿಗಳು ನನ್ನ ಎದ್ದು ನಿಲ್ಲಿಸಿದ್ರು. ಊರೆಲ್ಲ ಚಪ್ಪಾಳೆ ಹೊಡೀತು. ಆಮೇಲೆ ಹೆದರಿಕೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಆಸ್ಪತ್ರೆಯವರಿಗೆ ಹೇಳಿದ್ದಿದ್ರೆ ಗುಟ್ಟು ಬಿಡದೆ, ನಿನ್ನ ಕಿಡ್ನಿ ಹೊಂದಲ್ಲ ಅಂತಷ್ಟೇ ಹೇಳಿ ನಿನ್ನ ಬಿಟ್ಟುಬಿಡ್ತಿದ್ರು," ಎಂದಳು ಕ್ಲಿಯೋಥಾ. ಅವಳ ದನಿಯಲ್ಲಿ ಗೆಲುವಿರಲಿಲ್ಲ.

ಡಾಕ್ಟರು ನೆಲ ನೋಡಿದರು. ಹೃದಯ ಹಾನಿಗೊಂಡಿದ್ದರಿಂದ ಡಾರ್ಸಿಗೆ ಇನ್ನು ಯಾರ ಕಿಡ್ನಿಯನ್ನೂ ಕೂಡಿಸುವಂತಿರಲಿಲ್ಲ. ಅದನ್ನು ಅವನಿಗೆ ಆ ಬೆಳಗ್ಗೆಯೇ ತಿಳಿಸಿದ್ದರು.

ಡಾರ್ಸಿ ತಮ್ಮನ ಕಡೆ ಮುಖ ತಿರುಗಿಸಿದ. ದಾದಿಯರು ಎದೆ ಒತ್ತಿದಾಗ ಮುರಿದ ಪಕ್ಕೆಲುಬುಗಳಿಂದಾಗಿ ಮಾತು ತುಂಡುತುಂಡಾಗಿ ಬಂತು.

"ಆಗಲ್ಲ ಅಂದಿದ್ರೆ ಒಂದು ವಾರ ಬೈತಿದ್ದೆ ಕಣೋ. ಆಮೇಲೆ ಇಬ್ಬರೂ ಮೀನು ಹಿಡಿಯೋಕೆ ಹೋಗ್ತಿದ್ವಿ."