ಕತ್ತಿನ ಅಳತೆಯ ನೂಲು

"ಅಲುಗಾಡ್ಬೇಡಿ ಮಾರಾಯ್ರೆ... ಅಳತೆ ತಪ್ತದೆ!"

ಪ್ರಫುಲ್ಲಾಳ ಎದೆ ಡವಡವ ಎಂದಿತು. ಹೆಸರೂ ಗೊತ್ತಿಲ್ಲದ ಗಂಡಸೊಬ್ಬ ಅವಳ ಕತ್ತಿಗೆ ಬಿಳಿ ನೂಲು ಸುತ್ತುತ್ತಿದ್ದ!

ಅದು ೨೦೧೦. ಅಬುಧಾಬಿಯ ಖಲೀಫಾ ಸಿಟಿಯ ವಿಲ್ಲಾವೊಂದರಲ್ಲಿ ಪರದೇಶದ ರಾಣಿಯೊಬ್ಬಳು ಬೀಡುಬಿಟ್ಟಿದ್ದಳು. ಅವಳ ಬಟ್ಟೆ ಹೊಲಿಯುವವಳು ನಮ್ಮ ಪ್ರಫುಲ್ಲಾ. ರಾಣಿಯ ಕತ್ತನ್ನು ಪರಪುರುಷ ಮುಟ್ಟುವಂತಿಲ್ಲ. ಇಬ್ಬರ ಕತ್ತೂ ಒಂದೇ ಗಾತ್ರ. ಹಾಗಾಗಿ ದುಬೈಯ ಅಲ್ ಮುರಕ್ಕಬಾತ್‌ನಿಂದ ಬಂದ ಆಭರಣದಂಗಡಿಯ ಲತೇಶ್, ರಾಣಿಗೆ ಮಾರುವ ಆಸೆಯಿಂದ ಅಂಗಡಿ ಮಾಡಿಸುತ್ತಿದ್ದ ವಜ್ರದ ಹಾರಕ್ಕೆ ಇವಳ ಅಳತೆ ತೆಗೆದ.

"ಊರೆಲ್ಲಿ?" ಅವನು ಕೇಳಿದ.

"ಕಾಪು. ನಿಮ್ದು?"

"ಮೂಲ್ಕಿ! ಹತ್ರವೇ ಅಲ್ವಾ?"

ಅಷ್ಟು ಸಾಕಾಯಿತು. ನಾಲ್ಕು ಶುಕ್ರವಾರ ಇಬ್ಬರೂ ಸಮುದ್ರದ ದಂಡೆಯಲ್ಲಿ ತುಳು ಮಾತಾಡುತ್ತಾ ನಡೆದರು. ಅವಳ ಕಪ್ಪು ಅಬಾಯಾ ನಿಲುವಂಗಿಯ ತೋಳಂಚಿನಲ್ಲಿ ಅವಳೇ ಕಸೂತಿ ಹಾಕಿದ ಪುಟ್ಟ ಮಲ್ಲಿಗೆ ಮೊಗ್ಗನ್ನು ಅವನು ಎಷ್ಟು ಸಲ ನೋಡಿದನೋ!

ಹಾರ ತಯಾರಾಯಿತು. ರಾಣಿ ಮುಟ್ಟಲೂ ಇಲ್ಲ. "ಅಲ್ಲಿ ನನ್ನ ಜನ ರೊಟ್ಟಿಗೆ ಸಾಲು ನಿಂತಿದ್ದಾರೆ. ವಾಪಸ್ ಒಯ್ಯಿರಿ," ಎಂದಳು.

ವಾರ ಕಳೆಯುವುದರೊಳಗೆ ಅಂಗಡಿಯಿಂದ ಹಾರ ಮಾಯ! ಲತೇಶ್ ಲಾಕಪ್ಪಿನಲ್ಲಿ! ರಾಣಿಯ ಮೊಹರಿದ್ದ ಪತ್ರ ತೋರಿಸಿದ ಮುಸುಕಿನ ಹೆಂಗಸಿಗೆ ಹಾರ ಕೊಟ್ಟೆನೆಂದ. ಯಾರೆಂದು ಕೇಳಿದರೆ ಬಾಯಿ ಬಿಡಲಿಲ್ಲ. ರಾಣಿಯ ದೇಶದ ಪತ್ರಿಕೆಗಳಿಗೆ ಹಬ್ಬ... 'ಜನಕ್ಕೆ ರೊಟ್ಟಿಯಿಲ್ಲ, ರಾಣಿಗೆ ವಜ್ರ!'

ಬೇಡವೆಂದ ಹಾರಕ್ಕೆ ರಾಣಿ ಯಾಕೆ ಪತ್ರ ಬರೆಯುತ್ತಾಳೆ? ಕದ್ದವನು ಇವನೇ... ಪ್ರಫುಲ್ಲಾ ಹಾಗೆಂದೇ ನಂಬಿದಳು. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಗಾಜಿನಾಚೆ ಕುಳಿತಿದ್ದವನೆದುರು ಹೋಗಿ ನಿಂತಳು.

"ನಾಚಿಕೆ ಆಗ್ಲಿಲ್ವಾ ಲತೇಶ್?"

ಅವನ ಕಣ್ಣು ಕೆಂಪಾಗಿತ್ತು.

"ನೀನು ಕೇಳ್ತೀಯಾ ಇದನ್ನು? ಬಂದದ್ದು ನೀನೇ ಅಲ್ವಾ? ಮುಖ ಮುಚ್ಚಿದ್ರೂ ತೋಳಿನ ಮೊಗ್ಗು ಕಾಣ್ಲಿಲ್ವಾ ನಂಗೆ! ನೀನೇನಾ ಅಂತ ತುಳುವಿನಲ್ಲಿ ಕೇಳಿದ್ದಕ್ಕೆ ನೀನು ತಲೆ ಆಡಿಸಿದೆ. ವಿಲ್ಲಾಕ್ಕೆ ಫೋನು ಮಾಡಿ ಕೇಳ್ಬೇಕಿತ್ತು... ನೀನಲ್ವಾ ಅಂತ ಕೊಟ್ಟುಬಿಟ್ಟೆ."

"ನಾನಾ?!"

"ಹೆದರ್ಬೇಡ. ನಿನ್ನ ಹೆಸರು ನಾನು ಹೇಳೂದಿಲ್ಲ. ಸತ್ತರೂ ಹೇಳೂದಿಲ್ಲ."

ಪ್ರಫುಲ್ಲಾಳಿಗೆ ಥಟ್ಟನೆ ಹೊಳೆಯಿತು. ಅದೇ ವಿಲ್ಲಾದಲ್ಲಿರುವ ರಾಜನ ನಾದಿನಿ ಝುಲೈಖ! ರಾಣಿಯ ಕಾಗದಪತ್ರ, ಮೊಹರು ಎಲ್ಲ ಅವಳ ಕೈಯಲ್ಲೇ. ಹೋದ ತಿಂಗಳು ಅವಳು ಇವಳ ಗಲ್ಲ ಸವರಿ, "ನಿನ್ನಂಥದೇ ಮೊಗ್ಗಿನ ಅಬಾಯಾ ನನಗೂ ಬೇಕು" ಎಂದಿದ್ದಳು. ಹೊಗಳಿಕೆಗೆ ಉಬ್ಬಿ ತಾನೇ ಹೊಲಿದುಕೊಟ್ಟಿದ್ದಳು, ಹುಚ್ಚಿ!

ಪ್ರಫುಲ್ಲಾ ನೇರ ಹೋಗಿ ಕೇಳಿದಾಗ ಝುಲೈಖ ನಕ್ಕಳು.

"ಹೌದು, ನಾನೇ. ರಾಣಿಗೆ ಬೇಡದ್ದು ನನಗೆ ಬೇಕಿತ್ತು. ಬಾಯಿ ಬಿಟ್ಟರೆ ನಿನ್ನ ವೀಸಾ ಖಲಾಸ್."

ಪ್ರಫುಲ್ಲಾ ಆ ರಾತ್ರಿ ಅತ್ತಳು. ಊರಲ್ಲಿ ತಂಗಿಯ ನರ್ಸಿಂಗ್ ಓದು ಈ ವೀಸಾದ ಮೇಲೆಯೇ ನಿಂತಿತ್ತು. ಆದರೆ ತನ್ನನ್ನು ಕಳ್ಳಿಯೆಂದು ನಂಬಿಯೂ ತನಗಾಗಿ ಬಾಯಿ ಮುಚ್ಚಿ ಕುಳಿತವನೊಬ್ಬನಿದ್ದನಲ್ಲ... ಬೆಳಗಾಗುತ್ತಲೇ ಪೊಲೀಸರ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು.

ಹಾರ ಝುಲೈಖಳ ಕಪಾಟಿನಲ್ಲಿ ಸಿಕ್ಕಿತು. ಆದರೆ ರಾಣಿಯ ದೇಶದಲ್ಲಿ ಯಾರೂ ನಂಬಲಿಲ್ಲ. ತಪ್ಪೇ ಮಾಡದ ರಾಣಿಯ ಚಿತ್ರಗಳನ್ನು ಬೀದಿಬೀದಿಯಲ್ಲಿ ಸುಟ್ಟರು. ಮರುವರ್ಷ ಅರಮನೆಯೇ ಉರಿಯಿತು. ರಾಣಿ ಏನಾದಳೋ, ಪ್ರಫುಲ್ಲಾಳಿಗೆ ಕೊನೆಗೂ ತಿಳಿಯಲಿಲ್ಲ.

ಲತೇಶ್‌ನನ್ನು ಬಿಟ್ಟರು. ಅಂಗಡಿ ಅವನನ್ನು ಕೆಲಸದಿಂದ ತೆಗೆಯಿತು, ವಿಲ್ಲಾ ಇವಳನ್ನು ತೆಗೆಯಿತು. ಇಬ್ಬರ ವೀಸಾವೂ ರದ್ದು.

ಮಂಗಳೂರಿನ ವಿಮಾನಕ್ಕೆ ಕಾಯುತ್ತಾ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ಲತೇಶ್ ಪೊಲೀಸರು ಹಿಂದಿರುಗಿಸಿದ ಪರ್ಸು ತೆರೆದ. ಒಳಗೆ ಮಡಿಸಿಟ್ಟ ಬಿಳಿ ನೂಲು.

"ಇದನ್ನು ಇನ್ನೂ ಇಟ್ಕೊಂಡಿದ್ದೀರಾ?"

"ನೀನು ಕಳ್ಳಿ ಅಂತ ನಂಬಿದಾಗ್ಲೂ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ತಪ್ಪಾಯ್ತು ಪ್ರಫುಲ್ಲಾ."

"ನಾನೂ ನಿಮ್ಮನ್ನು ಕಳ್ಳ ಅಂದ್ಕೊಂಡೆ ಅಲ್ವಾ..."

ಅವನು ನೂಲನ್ನು ಅವಳ ಅಂಗೈಯಲ್ಲಿಟ್ಟ.

"ಕೆಲಸ ಇಲ್ಲ, ವಜ್ರ ಇಲ್ಲ. ಈ ಅಳತೆಗೆ ಒಂದು ಕರಿಮಣಿ ಮಾತ್ರ ಪೋಣಿಸ್ಬಹುದು. ಆಗ್ಬಹುದಾ?"

ಅವಳು ಅಳುತ್ತಲೇ ನಕ್ಕಳು.

"ಅಳತೆ ಇನ್ನೊಮ್ಮೆ ತೆಗೀರಿ... ಅತ್ತು ಅತ್ತು ಸೊರಗಿದ್ದೇನೆ."