ಬಿಷಪ್ಪರ ಕೋಣೆಯ ಬಾಗಿಲು

ನಮ್ಮ ಜುನಿಪರ್ ಬೆಂಚ್ ಊರಿನ ಚರ್ಚಿನಲ್ಲಿ ಆ ಭಾನುವಾರ ಬೆಳಿಗ್ಗೆ ನೋಡಿದರೆ ಕಳುವಾಗಿದ್ದು ಕಾಣಿಕೆಯ ದುಡ್ಡಲ್ಲ, ಪಿಯಾನೊ ಅಲ್ಲ, ಒಂದು ಬಾಗಿಲು. ಬಿಷಪ್ಪರ ಕೋಣೆಯ ಓಕ್ ಮರದ ಬಾಗಿಲು! ಚೌಕಟ್ಟು ಬೋಳಾಗಿ ನಿಂತಿತ್ತು. ಬಿಚ್ಚಿದ ತಿರುಪುಗಳನ್ನು ಕಳ್ಳ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ.

"ನಗಬೇಡ ಲೈಮನ್," ಎಂದು ಅರ್ಡಿತ್ ಪೌಲ್ಸನ್ ನನ್ನನ್ನು ಗದರಿದರು. ಅವರು ನಮ್ಮ ಕಡೆಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ಕಚೇರಿಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಅವರ ಕಣ್ಣು ಮಂಜಾದ ಮೇಲೆ ಪಕ್ಕದ ಮನೆಯ ನಾನೇ ಅವರಿಗೆ ಕಾರು ಓಡಿಸುವವ, ಜೊತೆಗಾರ, ಬೈಸಿಕೊಳ್ಳುವವ, ಎಲ್ಲ.

ತಿಂಗಳ ಮೊದಲ ಭಾನುವಾರ ನಮಗೆ ಉಪವಾಸ. ಶನಿವಾರ ಸಂಜೆಯ ಊಟ ಮುಗಿದರೆ ಮಾರನೆಯ ಸಂಜೆಯವರೆಗೆ ನೀರೂ ಮುಟ್ಟುವಂತಿಲ್ಲ. ಹಾಗಾಗಿ ಎಲ್ಲರ ಸಿಟ್ಟೂ ಮೂಗಿನ ತುದಿಯಲ್ಲೇ ಇತ್ತು.

"ಇದು ಲೋರ್ನಾ ಕೆಲಸಾನೇ," ಎಂದರು ಬಿಷಪ್ ಟಿಂಗಿ. ನಮ್ಮ ಪಂಥದಲ್ಲಿ ಬಿಷಪ್ ಎಂದರೆ ಪಾದ್ರಿಯಲ್ಲ, ಊರಿನವರೇ ಸರದಿಯಲ್ಲಿ ಕೆಲವು ವರ್ಷ ಹೊರುವ ಸಂಬಳವಿಲ್ಲದ ಹೊಣೆ. ಇವರು ವಾರವೆಲ್ಲ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಮನುಷ್ಯ, ಕೆಟ್ಟವರಲ್ಲ. "ಕಳೆದ ವಾರ ಇಲ್ಲೇ ನಿಂತ್ಕೊಂಡು, ಈ ಬಾಗಿಲನ್ನೇ ಕಿತ್ತು ಬಿಸಾಕ್ತೀನಿ ಅಂತ ಕೂಗಾಡಿದ್ಲಲ್ಲ! ಶೆರಿಫ್‌ಗೆ ಫೋನ್ ಮಾಡ್ತೀನಿ."

ಲೋರ್ನಾ ಆಲ್‌ರೆಡ್ ಚರ್ಚು ಬಿಟ್ಟವಳು. ಗಂಡ ಕ್ವಿನ್ ಬಿಟ್ಟಿರಲಿಲ್ಲ, ಅದರಿಂದಲೇ ಇಬ್ಬರೂ ಬೇರೆಯಾಗಿದ್ದರು. ಮಗಳು ಟೆಸ್ಸಾಗೆ ಎಂಟು ತುಂಬುವುದರಲ್ಲಿತ್ತು. ಎಂಟಕ್ಕೆ ದೀಕ್ಷಾಸ್ನಾನ, ಅದಕ್ಕೆ ಮೊದಲು ಬಿಷಪ್ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳುವುದು ನಮ್ಮೂರಿನ ರೂಢಿ. ಮುಚ್ಚಿದ ಬಾಗಿಲ ಹಿಂದೆ ಮಗಳನ್ನು ಕಳಿಸುವುದಿಲ್ಲ ಎಂದು ಲೋರ್ನಾ ಹಟ ಹಿಡಿದಿದ್ದಳು.

"ಅವಸರ ಮಾಡ್ಬೇಡಿ ಬಿಷಪ್. ಸಂಜೆವರೆಗೂ ತಡೀರಿ," ಎಂದು ಅರ್ಡಿತ್ ಕೋಣೆಯೊಳಗೆ ನಡೆದರು. ಕುರ್ಚಿಯ ಕೆಳಗೆ ಫಾಯಿಲ್ ಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಕಡಲೆಬೀಜದ ಬೆಣ್ಣೆ ಸವರಿದ ಬ್ರೆಡ್ಡು, ಅಂಚುಗಳನ್ನೆಲ್ಲ ಕತ್ತರಿಸಿ ತೆಗೆದದ್ದು. ಯಾರೂ ಕಚ್ಚಿರಲಿಲ್ಲ.

"ಮಕ್ಕಳಿಗೆ ಮಾಡೋ ಥರ ಇದೆ. ಟೆಸ್ಸಾನೂ ಜೊತೆಗೆ ಕರ್ಕೊಂಡು ಬಂದಿದ್ದಾಳೆ," ಎಂದೆ ನಾನು ಬುದ್ಧಿವಂತನಂತೆ. ಅರ್ಡಿತ್ ಆಗಲೇ ಹೊರಗೆ ನಡೆದಿದ್ದರು. ಚರ್ಚಿನೊಳಗಿನ ಆಟದ ಹಜಾರದಲ್ಲಿ ಇರಬೇಕಾದ, ಕುರ್ಚಿ ಸಾಗಿಸುವ ಗಾಲಿಗಾಡಿ ಹಿಂಬಾಗಿಲ ಹತ್ತಿರ ನಿಂತಿತ್ತು. ಅದನ್ನೂ ಅವರು ಮುಟ್ಟಿ ನೋಡಿದರು.

"ಪಾಪ, ಲೋರ್ನಾಗೆ ಏನೂ ಮಾಡ್ಬೇಡಿ," ಎಂದರು ಮುದುಕ ರೀಡ್ ಲ್ಯಾಮರೋ, ಕಟ್ಟಿಸಿಕೊಂಡ ಹಲ್ಲನ್ನು ನಾಲಗೆಯಿಂದ ಸರಿಮಾಡಿಕೊಳ್ಳುತ್ತ. ಒಂದು ಕಾಲಕ್ಕೆ ಅವರೇ ನಮ್ಮ ಬಿಷಪ್. ಈಗ ಶನಿವಾರ ಚರ್ಚಿನ ಕಸ ಗುಡಿಸುವ ತಂಡಕ್ಕೆ ಮುಖಂಡರು.

ಮಧ್ಯಾಹ್ನ ಲೋರ್ನಾ ಮನೆಗೆ ಹೋದೆವು. ಆಕೆ ಹುಲ್ಲಿನ ಪಿಂಡಿಗಳನ್ನು ದಿಂಬಿನ ಹಾಗೆ ಎತ್ತಿ ಲಾರಿಗೆ ಎಸೆಯುತ್ತಿದ್ದಳು. ಬೇಲಿಗೂಟದ ಮೇಲೆ ಕಾಫಿ ಲೋಟ. ನಮ್ಮವರಿಗೆ ಕಾಫಿ ನಿಷಿದ್ಧ, ಅವಳು ಬೇಕೆಂದೇ ರಸ್ತೆಗೆ ಕಾಣುವಂತೆ ಇಡುತ್ತಿದ್ದಳು. ಅರ್ಡಿತ್ ನಡೆದದ್ದನ್ನೆಲ್ಲ ಹೇಳಿದರು.

"ನಾನು ಕಿತ್ತಿದ್ರೆ ಅಲ್ಲೇ ಒಡೆದು ಸೌದೆ ಮಾಡ್ತಿದ್ದೆ. ಮದುವೆ ಊಟಕ್ಕೆ ಚಮಚ ಇಟ್ಟ ಹಾಗೆ ತಿರುಪು ಜೋಡಿಸ್ತಿದ್ನಾ?" ಎಂದು ನಕ್ಕಳು. ಆಮೇಲೆ ದನಿ ಕುಗ್ಗಿತು, ನಮ್ಮ ಚರ್ಚಿನ ವಾಡಿಕೆಯಂತೆ ಸಿಸ್ಟರ್ ಎಂದೇ ಕರೆದಳು. "ಸಿಸ್ಟರ್ ಪೌಲ್ಸನ್, ಶೆರಿಫ್ ಕೇಸು ಅಂತಾದ್ರೆ ಕೋರ್ಟು ಟೆಸ್ಸಾನ ಕ್ವಿನ್‌ಗೆ ಕೊಡುತ್ತೆ. ಅವನು ಅವಳನ್ನ ಕೈಹಿಡಿದು ಅದೇ ಕೋಣೆಗೆ ಕರ್ಕೊಂಡು ಹೋಗ್ತಾನೆ."

ಸಂಜೆ ಉಪವಾಸ ಬಿಡಲು ಎಲ್ಲರೂ ಚರ್ಚಿನ ಹಜಾರದಲ್ಲಿ ಸೇರಿದ್ದರು. ಬೇಯಿಸಿದ ಆಲೂಗಡ್ಡೆ, ಚೀಸಿನ ಘಮಕ್ಕೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಅರ್ಡಿತ್ ಲೋರ್ನಾಳನ್ನೂ ಕರೆಸಿದ್ದರು.

"ನಿನ್ನೆ ರಾತ್ರಿ ಕದ್ದವನು ತಿಂಡಿ ತಂದಿದ್ದ, ತಿನ್ನಲಿಲ್ಲ," ಎಂದು ಅವರು ಶುರು ಮಾಡಿದರು. "ಮಗು ಬಂದಿದ್ರೆ ಬಿಡ್ತಿತ್ತಾ? ಚಿಕ್ಕವರಿಗೆ ಉಪವಾಸ ಇಲ್ಲ. ಲೋರ್ನಾಗೂ ಇಲ್ಲ. ಕಳ್ಳತನ ಮಾಡೋವಾಗ್ಲೂ ಉಪವಾಸ ಮುರೀಬಾರ್ದು ಅಂತ ಯೋಚಿಸೋನು ನಮ್ಮವನೇ."

ಯಾರೋ ಕಿಸಕ್ಕೆಂದರು.

"ಲೋರ್ನಾಗೆ ಆ ಬಾಗಿಲು ಹೊರೋಕೆ ಗಾಡಿ ಬೇಕಾಗಿಲ್ಲ. ತೋಳಲ್ಲಿ ಕಸುವಿಲ್ಲದವರಿಗೆ ಬೇಕು. ಬ್ರೆಡ್ಡಿನ ಅಂಚು ಕತ್ತರಿಸೋದು ಮಕ್ಕಳಿಗಷ್ಟೇ ಅಲ್ಲ, ಹಲ್ಲಿಲ್ಲದವರಿಗೂ. ಚರ್ಚಿನ ಬೀಗ ಒಡೆದಿಲ್ಲ, ಅಂದ್ರೆ ಕೀಲಿ ಇತ್ತು. ಶನಿವಾರ ಕೊನೆಗೆ ಬೀಗ ಹಾಕೋರು ಒಬ್ರೇ. ಅವರಿಗೆ ಸಕ್ಕರೆ ಕಾಯಿಲೆ, ಉಪವಾಸ ಬೇಡ ಅಂದಿದ್ದಾರೆ ಡಾಕ್ಟರು. ಹೆಂಡತಿ ಪೊಟ್ಟಣ ಕಟ್ಟಿ ಕಳಿಸ್ತಾರೆ, ಇವರು ಮುಟ್ಟಲ್ಲ. ಹೌದಾ, ಬ್ರದರ್ ಲ್ಯಾಮರೋ?"

ಮುದುಕರು ಮೆಲ್ಲಗೆ ಎದ್ದರು. "ಬಾಗಿಲು ನಮ್ಮ ಕೊಟ್ಟಿಗೇಲಿದೆ. ಲೋರ್ನಾ ಮೇಲೆ ಅಪವಾದ ಬರುತ್ತೆ ಅಂತ ಹೊಳೀಲೇ ಇಲ್ಲ. ಬೆಳಿಗ್ಗೆ ಬಾಯಿಬಿಡೋಕೆ ಧೈರ್ಯ ಬರಲಿಲ್ಲ."

"ಯಾಕ್ ಬ್ರದರ್, ಯಾಕೆ?" ಎಂದರು ಬಿಷಪ್.

"ನಾನು ಬಿಷಪ್ ಆಗಿದ್ದಾಗ ಆ ಕೋಣೇಲಿ ಒಂದು ಹುಡುಗಿ ಅಳ್ತಾ ಕೂತಿದ್ಲು. ಮನೇಲಿದ್ದ ಚಿಕ್ಕಪ್ಪ ಏನೇನು ಮಾಡ್ತಾನೆ ಅಂತ ಹೇಳಿದ್ಲು. ನಾನು ಪೊಲೀಸ್ರಿಗೆ ಹೇಳಲಿಲ್ಲ. ಪ್ರಾರ್ಥನೆ ಮಾಡು, ಕ್ಷಮಿಸು ಅಂದೆ. ದೊಡ್ಡ ಮನೆತನ, ಒಳ್ಳೆ ಹೆಸರು..." ಅವರು ಲೋರ್ನಾಳತ್ತ ನೋಡಲಾರದೆ ನೋಡಿದರು. "ನಿನ್ನ ಅಕ್ಕ, ರಿಯಾ. ಕಳೆದ ವಾರ ನೀನು ಕೂಗಿದಾಗ ಅವಳೇ ನೆನಪಾದ್ಲು. ಇನ್ನೊಂದು ಮಗು ಆ ಬಾಗಿಲ ಹಿಂದೆ ಕೂರಬಾರ್ದು ಅನ್ನಿಸ್ತು."

ಲೋರ್ನಾ ಬೆಂಚಿನ ಅಂಚಿಗೆ ಬಂದು ಕೂತಳು. ಅಕ್ಕ ಹದಿನೇಳಕ್ಕೆ ಊರು ಬಿಟ್ಟವಳು ಮತ್ತೆ ಕಾಲಿಡದಿದ್ದುದಕ್ಕೆ ಕಾರಣ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ, ಕೇಳುವ ಗೋಜಿಗೂ ಯಾರೂ ಹೋಗಿರಲಿಲ್ಲ. ಆ ಮುದುಕರ ಮೇಲೆ ನನಗೆ ಸಿಟ್ಟು ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಬಿಷಪ್ ಟಿಂಗಿ ಲ್ಯಾಮರೋ ಕಡೆ ತಿರುಗಿದರು. "ಬಾಗಿಲು ನಿಮ್ಮ ಕೊಟ್ಟಿಗೇಲೇ ಇರ್ಲಿ. ನಮಗೆ ಬೇಡ," ಎಂದರು. ಕ್ವಿನ್ ಎದ್ದ. ಹೋಗಿ ಲೋರ್ನಾಗೆ ಒಂದು ಲೋಟ ನೀರು ತಂದುಕೊಟ್ಟ.

"ನನ್ನನ್ನ ಕ್ಷಮಿಸ್ತೀಯಾ ತಾಯಿ?" ಎಂದರು ಲ್ಯಾಮರೋ.

"ಕ್ಷಮಿಸೋಕೆ ನಾನ್ಯಾರು?" ಲೋರ್ನಾ ಫೋನ್ ತೆಗೆದು ನಂಬರ್ ಒತ್ತಿ ಅವರ ಕೈಗಿಟ್ಟಳು. "ಅವಳಿಗೇ ಹೇಳಿ. ಎಲ್ಲರ ಮುಂದೆ ಹೇಳಿ."

ಫೋನಿನ ದನಿ ಏರಿಸಿಯೇ ಕೊಟ್ಟಿದ್ದಳು, ಆ ಕಡೆಯ ಹಲೋ ನಮಗೂ ಕೇಳಿಸಿತು.

"ರಿಯಾ, ನಾನು ಲ್ಯಾಮರೋ... ಆಗಿನ ಬಿಷಪ್ಪು. ನೀನು ಹೇಳಿದ್ದು ನಿಜ ಅಂತ ನನಗೆ ಅವತ್ತೇ ಗೊತ್ತಿತ್ತಮ್ಮ."

ರಿಯಾಳ ದನಿ ಕೇಳಿಸಿತು, "ಗೊತ್ತಿದ್ದೂ ನನ್ನನ್ನ ಮತ್ತೆ ಅದೇ ಮನೆಗೆ ಯಾಕೆ ಕಳಿಸಿದ್ರಿ?"

ಮುದುಕರು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದರು.